ಬಿಡಬೇಕಾದ ಉತ್ತರ

"ಒಂದು, ನಾಕು. ಎರಡು ಉತ್ತರ ಬಂದಾವ ಮಾಮಾ. ಬರೋಬ್ಬರಿ ಐತಿಲ್ಲೋ?"

ಶೀಲಾ ಸೀಮೆಸುಣ್ಣ ಹಿಡಿದ ಕೈಯನ್ನು ಮೊಳಕಾಲಿನ ಮೇಲಿಟ್ಟುಕೊಂಡು ತಲೆ ಎತ್ತಿದಳು. ಪಡಸಾಲೆಯ ಫರಸಿಕಲ್ಲಿನ ಮೇಲೆ, ಗೋಡೆಯಿಂದ ಮಗ್ಗದ ಕುಣಿಯವರೆಗೆ ಅವಳ ಲೆಕ್ಕ ಹರಡಿಕೊಂಡಿತ್ತು. ಮೇಲಿನ ಸಾಲಿನಲ್ಲಿ ಎಕ್ಸ್ ಅಪಾನ್ ಎಕ್ಸ್ ಮೈನಸ್ ನಾಲ್ಕು. ಅದಕ್ಕೆ ಸಮ, ನಾಲ್ಕು ಅಪಾನ್ ಎಕ್ಸ್ ಮೈನಸ್ ನಾಲ್ಕು, ಕೂಡಿಸು ಎಕ್ಸ್. ಅದರ ಕೆಳಗೆ ಎರಡೂ ಕಡೆ ಗುಣಿಸಿ ಛೇದಗಳನ್ನು ಹೊಡೆದುಹಾಕಿದ ಗೆರೆಗಳು, ಅದರ ಕೆಳಗೆ ಅಪವರ್ತನ, ಕೊನೆಗೆ ಎರಡು ಉತ್ತರಗಳ ಸುತ್ತ ಎರಡು ಗುಂಡು. ಎಲ್ಲಿಯೂ ತಪ್ಪಿಲ್ಲದ ಅಚ್ಚುಕಟ್ಟಾದ ಲೆಕ್ಕ. ಕೊನೆಯ ಒಂದು ಹಂತ ಮಾತ್ರ ಬಾಕಿ ಇತ್ತು.

ಆ ಹಂತ ಹೇಳಲು ಒಂದು ಮಾತು ಸಾಕು. ನಾಲ್ಕನ್ನು ಒಯ್ದು ಛೇದದಲ್ಲಿ ಹಾಕಿದರೆ ನಾಲ್ಕರಲ್ಲಿ ನಾಲ್ಕು ಹೋಗಿ ಸೊನ್ನೆ ಉಳಿಯುತ್ತದೆ. ಸೊನ್ನೆಯಿಂದ ಯಾವುದನ್ನೂ ಭಾಗಿಸಲು ಬರುವುದಿಲ್ಲ. ಹಾಗಾಗಿ ನಾಲ್ಕು ಎಷ್ಟೇ ಸರಿಯಾದ ದಾರಿಯಲ್ಲಿ ನಡೆದುಬಂದಿದ್ದರೂ ಅದು ಉತ್ತರವಲ್ಲ, ಬಿಡಬೇಕು. ಪ್ರವೀಣಕುಮಾರ ಇದನ್ನು ಹೈಸ್ಕೂಲಿನಲ್ಲಿ ಎಷ್ಟು ಕೂಗಿ ಹೇಳುತ್ತಿದ್ದನೆಂದರೆ ಮಕ್ಕಳು ಅವನಿಗೆ 'ಛೇದ ಮಾಸ್ತರ' ಎಂದೇ ಹೆಸರಿಟ್ಟಿದ್ದರು. "ಮೊದಲ ಛೇದ ನೋಡ್ರಿ, ಆಮ್ಯಾಲ ನನ್ನ ಮಾರಿ ನೋಡ್ರಿ" ಎಂದು ಅವನು ಬೋರ್ಡಿಗೆ ಡಸ್ಟರ್ ಬಡಿಯುವುದನ್ನು ಗುಳೇದಗುಡ್ಡದ ಓಣಿಗಳಲ್ಲಿ ಹುಡುಗರು ಅಣಕಿಸಿ ನಗುತ್ತಿದ್ದರು. ಛೇದ ಮರೆಯುವ ಮನುಷ್ಯನೇ ಅಲ್ಲ ಅವನು.

"ಬರೋಬ್ಬರಿ ಐತಿ," ಅಂದ ಪ್ರವೀಣಕುಮಾರ. "ಎರಡೂ ಬರಿ."

ಶೀಲಾ ಖುಷಿಯಿಂದ ಎರಡೂ ಗುಂಡುಗಳನ್ನು ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದಳು.

ಶೀಲಾ ಅವನ ಅಕ್ಕ ಶಿವಲಿಂಗವ್ವನ ಮಗಳು. ಎರಡು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದರಲ್ಲಿ ಫೇಲಾಗಿ ಮನೆಯಲ್ಲಿ ಉಳಿದವಳು. ತಲೆ ಇರಲಿಲ್ಲ ಅಂತಲ್ಲ. ಆ ವರ್ಷ ಅಪ್ಪ ಅಂದಾನಪ್ಪನಿಗೆ ಬೆನ್ನು ಹಿಡಿದು ಏಳಲು ಬಾರದಾಗಿ, ಅರ್ಧ ವರ್ಷ ಕುಪ್ಪಸದ ಖಣ ನೇಯುವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಅವಳೇ. ಅಪ್ಪನ ಬೆನ್ನು ಸುಧಾರಿಸಿತು. ಅವಳ ಸಾಲಿ ಮಾತ್ರ ಅಲ್ಲಿಗೇ ನಿಂತಿತು. ಈಗ ಹದಿನೆಂಟು ತುಂಬಿದ ಮೇಲೆ, ಮತ್ತೆ ಪರೀಕ್ಷೆ ಕಟ್ಟುತ್ತೇನೆ, ಪಾಸಾಗಿ ಬಾಗಲಕೋಟೆಗೆ ಡಿಪ್ಲೊಮಾ ಮಾಡಲು ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ಶಿವಲಿಂಗವ್ವ ಒಪ್ಪಿದ್ದು ಒಂದು ಕರಾರಿನ ಮೇಲೆ.

"ಒಂದ ಸಲ. ಪಾಸಾದಿ, ಬಾಗಲಕೋಟಿಗೆ ಹೋಗು, ನಾ ತುಟಿ ಪಿಟಕ್ಕನ್ನಂಗಿಲ್ಲ. ಫೇಲಾದಿ, ಸುಮ್ನ ನಿನ್ನ ಮಾಮಾನ ತಾಳಿಗೆ ಕೊಳ್ಳ ಕೊಡು."

ಮಾಮಾ ಅಂದರೆ ಪ್ರವೀಣಕುಮಾರನೇ. ಶಿವಲಿಂಗವ್ವನನ್ನು ಕೆಟ್ಟವಳು ಅನ್ನುವ ಹಾಗಿಲ್ಲ. ತಾಯಿ ಸತ್ತಾಗ ಈ ತಮ್ಮ ಇನ್ನೂ ಕಂಕುಳ ಕೂಸು. ತಾನೇ ಲಂಗ ಉಡುವ ವಯಸ್ಸಿನಲ್ಲಿ ಅವಳು ಅವನನ್ನು ಹೊತ್ತುಕೊಂಡೇ ರೊಟ್ಟಿ ಬಡಿದಿದ್ದಳು. ಓದಿಸಿದಳು, ಬಿ.ಎಡ್. ಮಾಡಿಸಿದಳು. ಅಷ್ಟಾದರೂ ಅವನಿಗೆ ಸಿಕ್ಕಿದ್ದು ಅತಿಥಿ ಶಿಕ್ಷಕನ ಕೆಲಸ, ಜೂನ್ ತಿಂಗಳಲ್ಲಿ ಹುಟ್ಟಿ ಏಪ್ರಿಲ್‌ನಲ್ಲಿ ಸಾಯುವ ನೌಕರಿ. ಆ ನೌಕರಿಗೆ ಯಾರೂ ಹೆಣ್ಣು ಕೊಡಲಿಲ್ಲ. ಹುನಗುಂದ, ಇಳಕಲ್ಲು, ಬಾದಾಮಿ ಎಲ್ಲ ಆಯಿತು. ಕೂದಲು ತೆಳ್ಳಗಾಗಲು ಶುರುವಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಹಿಡಿದುಕೊಂಡು, ಎರಡು ಹೊತ್ತು ಅಕ್ಕನ ಮನೆಯಲ್ಲಿ ಉಂಡು, ತನ್ನ ಅಂಗಿ ತಾನೇ ಒಗೆದುಕೊಂಡು ಇದ್ದ. ಬೀದಿಯ ಹೆಂಗಸರು ಅವನನ್ನು ನೋಡಿ ಪಾಪ ಅನ್ನುವುದು ಅವನ ಕಿವಿಗೂ ಬೀಳುತ್ತಿತ್ತು.

ಕರಾರಿನ ಮಾರನೆಯ ದಿನವೇ ಶೀಲಾ ಅವನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಮಾಮಾ, ನೀನ ಕಲಸಬೇಕು. ನಿನಗಿಂತ ಛಲೋ ಕಲಸವ್ರು ಈ ಊರಾಗ ಯಾರದಾರ?"

"ಪಾಸಾದಿ ಅಂದ್ರ ಲುಕ್ಸಾನ ಯಾರಿಗೆ, ಗೊತ್ತೈತೇನ?" ಎಂದು ಅವನು ನಗೆಯಾಡಿದ.

ಅವಳು ನಗಲಿಲ್ಲ. "ನೀ ಹಂಗ ಮಾಡವ ಅಲ್ಲ. ನೀ ಛಲೋ ಮನಷ್ಯಾ ಅದಿ, ಅದಕ್ಕ ನಿನ್ನ ಕೇಳಾಕ ಬಂದೇನಿ. ನನಗ ಲಗ್ನ ಬ್ಯಾಡ ಮಾಮಾ. ನೀ ಅಂತ ಅಲ್ಲ. ಯಾರೂ ಬ್ಯಾಡ."

ಒಳ್ಳೆಯವನು ಅನ್ನಿಸಿಕೊಂಡವನಿಗೆ ಬೇರೆ ದಾರಿ ಎಲ್ಲಿರುತ್ತದೆ? ಅವನು ಒಪ್ಪಿದ. ಒಪ್ಪಿದ ಮೇಲೆ ಮನಸ್ಸಿಟ್ಟೇ ಕಲಿಸಿದ. ಸಂಜೆ ಅಂದಾನಪ್ಪ ಮಗ್ಗದಿಂದ ಎದ್ದು ಹೊರಕಟ್ಟೆಗೆ ಹೋದ ಮೇಲೆ ಫರಸಿ ಇವರಿಬ್ಬರದು. ಅವನು ಕುಣಿಯ ಅಂಚಿಗೆ ಕೂತು ಹೇಳುವುದು, ಅವಳು ಕುಕ್ಕರಗಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತ ಕಲ್ಲಿನ ಮೇಲೆ ಬಿಡಿಸುವುದು. ಹೆದರಿಕೆ ಬಿಟ್ಟಮೇಲೆ ಅವಳ ತಲೆ ಲಾಳಿಯಷ್ಟೇ ಸರಾಗ ಓಡಿತು. ತನ್ನ ಕ್ಲಾಸಿನ ಯಾವ ಹುಡುಗನೂ ಕೇಳದ ಪ್ರಶ್ನೆಗಳನ್ನು ಅವಳು ಕೇಳುವಾಗ ಅವನಿಗೆ ಹೆಮ್ಮೆಯಾಗುತ್ತಿತ್ತು. ಊಟ ಮಾಡಿ ಕೋಣೆಗೆ ನಡೆಯುವಾಗ ಅದೇ ಹೆಮ್ಮೆ ಭಾರವಾಗುತ್ತಿತ್ತು, ಅದು ಬೇರೆ ಮಾತು.

ಆ ಎರಡು ಉತ್ತರದ ಲೆಕ್ಕ ಬಿಡಿಸಿದ ದಿನ ಬೆಳಿಗ್ಗೆ ಅವನು ಗುಡೂರಿಗೆ ಹೆಣ್ಣು ನೋಡಲು ಹೋಗಿದ್ದ. ಇಸ್ತ್ರಿ ಮಾಡಿದ ಅಂಗಿ, ಹೊಸ ಚಪ್ಪಲಿ. ಹುಡುಗಿಯ ತಂದೆ ಹೊಲ ಮನೆ ಇದ್ದ ಸಭ್ಯ ಮನುಷ್ಯ. ಚಾಪೆ ಹಾಸಿ, ನೀರು ಕೊಟ್ಟು, ಮಳೆ ಬೆಳೆ ವಿಚಾರಿಸಿ, ಆಮೇಲೆ ಕೇಳಿದ.

"ಮಾಸ್ತರ, ಪರ್ಮನೆಂಟ ಯಾವಾಗ ಆಕ್ಕೈತ್ರಿ?"

"ಹೇಳಾಕ ಬರಂಗಿಲ್ರಿ."

"ಖರೆ ಹೇಳಿದ್ರಿ, ಛಲೋ ಆತು," ಅಂದ ಆತ, ಒಳಗಡೆ ನೋಡಿ ಸ್ವಲ್ಪ ತಲೆ ಅಲ್ಲಾಡಿಸಿದ. ಉಪ್ಪಿಟ್ಟಿನ ತಾಟನ್ನು ಹುಡುಗಿ ತರಬೇಕಿತ್ತು. ಹುಡುಗಿಯ ತಾಯಿಯೇ ತಂದಿಟ್ಟು ಹೋದಳು. ಹುಡುಗಿ ಹೊರಗೇ ಬರಲಿಲ್ಲ. ಬಂದ ಮೇಲೆ ತಿನ್ನದೆ ಏಳುವುದು ಮರ್ಯಾದೆಯಲ್ಲ ಎಂದು ಪ್ರವೀಣಕುಮಾರ ಆ ಉಪ್ಪಿಟ್ಟನ್ನು ಪೂರ್ತಿ ತಿಂದ. ತಾನು ಅಗಿಯುವ ಸಪ್ಪಳ ತನಗೇ ಕೇಳುತ್ತಿತ್ತು.

ಅಕ್ಕನ ಮನೆಗೆ ಬಂದಾಗ ಶಿವಲಿಂಗವ್ವ ಏನನ್ನೂ ಕೇಳಲಿಲ್ಲ, ಮುಖವೇ ಹೇಳುತ್ತಿತ್ತು. ತಾಟಿಗೆ ರೊಟ್ಟಿ ಹಾಕಿ, ಮೇಲೆ ಶೇಂಗಾ ಹಿಂಡಿ, ಮೊಸರು ಹಾಕಿ ಮುಂದೆ ನೂಕಿದಳು.

"ತಿನ್ನು ಮೊದಲ. ಕಂಕಳದಾಗ ಕೂಸ ಇಟ್ಕೊಂಡು ಊರೆಲ್ಲಾ ಹುಡಿಕಿದ್ರಂತ. ಮನ್ಯಾಗ ಹೆಣ್ಣ ಇರೂ ಮುಂದ ನಿನಗ್ಯಾಕ ತಮ್ಮಾ ಆ ಗುಡೂರು ಹುನಗುಂದದ ಉಸಾಬರಿ?"

"ಅಕಿ ಪಾಸಾಕ್ಕಾಳಕ್ಕಾ," ಅಂದ ಅವನು. "ಖರೇನ ಪಾಸಾಕ್ಕಾಳು."

"ಆಗ್ಲಿ ತಗೋ," ಅಂದಳು ಶಿವಲಿಂಗವ್ವ. ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಒಲೆಯ ಹೊಗೆಗೋ ಮತ್ತೊಂದಕ್ಕೋ ತಿಳಿಯಲಿಲ್ಲ. "ನಿನ್ನ ಹಣ್ಯಾಗ ಏನ ಬರದೈತೋ, ಆ ಬಸವಣ್ಣಗ ಗೊತ್ತು."

ಆ ಸಂಜೆಯೇ ಅವನ ಬಾಯಿಂದ ಬಂದದ್ದು, "ಎರಡೂ ಬರಿ" ಎಂಬ ಮಾತು. ಯೋಚಿಸಿ ಆಡಿದ್ದಲ್ಲ, ದಣಿವಿನಲ್ಲಿ ಬಂದದ್ದು, ನಾಳೆ ತಿದ್ದಿದರಾಯಿತು ಎಂದು ಅವನು ತನಗೆ ತಾನೇ ಹೇಳಿಕೊಂಡ. ಇರಬಹುದು. ದಣಿದವನ ನಾಲಿಗೆ ಎಡವುತ್ತದೆ. ಆದರೆ ಮಾರನೆಯ ದಿನವೂ ಅವನು ತಿದ್ದಲಿಲ್ಲ, ಅದರ ಮಾರನೆಯ ದಿನವೂ ತಿದ್ದಲಿಲ್ಲ. ಅದಕ್ಕೆ ಯಾವ ದಣಿವನ್ನು ಸಾಕ್ಷಿಗೆ ಕರೆಯೋಣ? ಬೇಲಿಯೇ ಎದ್ದು ಹೊಲ ಮೇಯುವಾಗ ಒಂದೇ ಸಲ ಮೇಯುವುದಿಲ್ಲ. ಮೊದಲು ಅಂಚಿನಲ್ಲಿ ಸ್ವಲ್ಪ ಬಾಗುತ್ತದೆ, ಅಷ್ಟೆ.

ಹೇಳಲು ಒಮ್ಮೆ ಹೋಗಿದ್ದು ನಿಜ. ಪರೀಕ್ಷೆ ಹತ್ತಿರ ಬಂದಿತ್ತು. ಅವನು ಹೋದಾಗ ಮಗ್ಗದಲ್ಲಿ ಉದ್ದೆಳೆಗಳ ಹಳೆಯ ಹಾಸು ಮುಗಿದು ಹೊಸ ಹಾಸು ಕೂಡಿಸುವ ಕೆಲಸ ನಡೆದಿತ್ತು. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಹಿಡಿದು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು, ಒಂದಾದ ಮೇಲೊಂದು ಕೆಚ್ಚುತ್ತ ಹೋಗಬೇಕು. ಶೀಲಾ ಮಗ್ಗದ ಹಿಂದೆ ಕೂತು ತಲೆ ಬಗ್ಗಿಸಿ ಕೆಚ್ಚುತ್ತಿದ್ದಳು. ಅಂದಾನಪ್ಪ ಎದುರಿಗೆ ಕೂತು ಎಳೆ ಬಿಡಿಸಿ ಬಿಡಿಸಿ ಅವಳ ಕೈಗೆ ಕೊಡುತ್ತಿದ್ದ.

"ಸ್ವಲ್ಪ ತಡಿ ಮಾಮಾ, ಮಾತಾಡಸಬ್ಯಾಡ," ಅಂದಳು ತಲೆ ಎತ್ತದೆ. "ಒಂದ ಎಳಿ ಬಿಟ್ಟೆ ಅಂದ್ರ ಆ ಗೆರಿ ಹಾಸ ಮುಗಿಯೂತನಾ ಬರತೈತಿ. ಯಾವ ಖಣಾ ತಗದ ನೋಡಿದ್ರೂ ಅದ ಕಾಣತೈತಿ."

"ಈಕಿ ಒಂದೂ ಬಿಡಂಗಿಲ್ಲ," ಅಂದ ಅಂದಾನಪ್ಪ. ಅವನು ಮಾತು ಕಡಿಮೆಯ ಮನುಷ್ಯ. ಇನ್ನೊಂದು ಎಳೆ ಬಿಡಿಸಿ ಕೊಟ್ಟು ಮತ್ತೆ ಅಂದ, "ಮಾಸ್ತರ, ಈಕೀನ ದಾಟಿಸಿಬಿಡು. ನಿನ್ನ ಅಕ್ಕ ಏನರ ಅಂದ್ಕೊಳ್ಳಿ. ನನ್ನ ಬೆನ್ನಿನ ಸಲುವಾಗಿ ಈಕಿ ಸಾಲಿ ಹೋತು. ಅದು ನನಗ ಉಂಡ ಅನ್ನ ಮೈಗ ಹತ್ತಗೊಡವಲ್ದು."

ಪ್ರವೀಣಕುಮಾರ ಮಗ್ಗದ ಹತ್ತಿರ ಸರಿದ. "ಶೀಲಾ, ಆವತ್ತಿನ ಆ ಲೆಕ್ಕ..." ಅಂದ.

"ಯಾವುದು?"

ಅವಳು ಈಗ ತಲೆ ಎತ್ತಿದ್ದಳು. ಹಣೆಯ ಮೇಲೆ ಬೂದಿಯ ಗುರುತಿತ್ತು, ಕೂದಲು ಸರಿಸಿಕೊಳ್ಳುವಾಗ ಹತ್ತಿದ್ದು. ಒಳಗಿನಿಂದ ಶಿವಲಿಂಗವ್ವ ಚಹಾ ತಂದಳು. ಬಸಿಯಲ್ಲಿ ಚೆಲ್ಲಿದ್ದನ್ನು ಒರೆಸಿ ಎಲ್ಲರಿಗಿಂತ ಮೊದಲು ತಮ್ಮನ ಕೈಗೆ ಕೊಟ್ಟಳು. ಅವನ ಕಣ್ಣಿಗೆ ಗುಡೂರಿನ ಆ ತಾಟು ಬಂತು. ತನ್ನ ಕೋಣೆಯ ಬೀಗ ಬಂತು.

"ಏನಿಲ್ಲ," ಅಂದ. "ತ್ರಿಕೋನಮಿತಿ ಇನ್ನೊಮ್ಮಿ ನೋಡ್ಕೋ."

ಪರೀಕ್ಷೆಯ ದಿನ ಅವನು ಸೆಂಟರಿನ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಗುಡ್ಡದ ಕಡೆಯಿಂದ ಬರುತ್ತಿದ್ದ ಬಿಸಿಗಾಳಿ ಕಾದ ಕಲ್ಲಿನ ವಾಸನೆ ತರುತ್ತಿತ್ತು. ಗಂಟೆ ಬಡಿಯಿತು. ಮಕ್ಕಳು ಗುಂಪುಗುಂಪಾಗಿ ಹೊರಬಿದ್ದರು. ಶೀಲಾ ಸಾಜಿಯಾಳ ಕೈ ಹಿಡಿದುಕೊಂಡು ಹೆಚ್ಚುಕಡಿಮೆ ಓಡುತ್ತ ಬಂದಳು. ಸಾಜಿಯಾ ಓಣಿಯ ತುದಿಯ ಮನೆಯ ಹುಡುಗಿ, ಪ್ರವೀಣಕುಮಾರನ ಕ್ಲಾಸಿನವಳು.

"ಮಾಮಾ, ನಿನ್ನ ಲೆಕ್ಕ ಬಂದಿತ್ತು! ಅದ ನಮೂನಿ, ಅಂಕಿ ಅಷ್ಟ ಬ್ಯಾರೆ. ಬಿಡಿಸಿ ಎರಡೂ ಉತ್ತರ ಬರದ ಗುಂಡ ಹಾಕಿ ಬಂದೇನಿ!"

"ಎರಡೂ?" ಅಂದಳು ಸಾಜಿಯಾ. "ಎರಡೂ ಬರಿಯಂಗಿಲ್ಲಕ್ಕಾ. ಒಂದರಾಗ ಛೇದ ಸೊನ್ನಿ ಆಗತೈತಿ, ಅದನ್ನ ಬಿಡಬೇಕು. ಸರ್ ಕ್ಲಾಸಿನ್ಯಾಗ ಬಡಕೊಂಡ ಬಡಕೊಂಡ ಹೇಳ್ಯಾರಲ್ಲ. ಹೌದಲ್ರಿ ಸರ್?"

ಶೀಲಾ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಸಾಜಿಯಾ ತಪ್ಪು ಹೇಳುತ್ತಿದ್ದಾಳೆ, ಮಾಮಾ ಈಗ ತಿದ್ದುತ್ತಾನೆ ಎಂದು ಕಾಯುತ್ತಿದ್ದಳು. ಅಷ್ಟು ನಂಬಿಕೆಯನ್ನು ಎದುರಿಗೆ ಇಟ್ಟುಕೊಂಡು ನಿಜ ಹೇಳುವುದಕ್ಕೆ ಒಂದು ಎದೆ ಬೇಕು. ಪ್ರವೀಣಕುಮಾರನಲ್ಲಿ ಅದು ಇರಲಿಲ್ಲ.

"ಹೌದು, ಬಿಡಬೇಕು," ಅಂದ. ಆಮೇಲೆ ಅಂದ, "ನಿನಗೂ ಹೇಳಿದ್ನಲ್ಲ ಶೀಲಾ. ಮರತೇನ?"

ಮಾತು ಹೊರಬಿದ್ದ ಮೇಲೆ ಅದು ಎಷ್ಟು ಸಹಜವಾಗಿ ಕೇಳಿಸಿತೆಂದರೆ ಒಂದು ಗಳಿಗೆ ಅವನಿಗೇ ತಾನು ಹೇಳಿದ್ದೆ ಅನ್ನಿಸಿತು. ಶೀಲಾಳ ಕೈ ಸಾಜಿಯಾಳ ಕೈಯಿಂದ ಜಾರಿತು. ಅವಳು ಏನನ್ನೋ ಹುಡುಕುವವಳಂತೆ ನೆಲ ನೋಡಿದಳು.

"ಹೇಳಿದ್ದೇನ?" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಹೇಳಿರಬೇಕು. ನನ್ನ ತಲಿಗೆ ಬೆಂಕಿ ಬೀಳ್ಲಿ. ತಪ್ಪಾತು ಮಾಮಾ, ನೀ ಅಷ್ಟ ಕಷ್ಟಪಟ್ಟ ಕಲಿಸಿದ್ದಿ."

ಅವಳೇ ಅವನಿಗೆ ಸಮಾಧಾನ ಹೇಳುತ್ತ ಮನೆಯವರೆಗೆ ನಡೆದುಬಂದಳು.

ರಿಸಲ್ಟ್ ಬಂದಾಗ ಗಣಿತದಲ್ಲಿ ಪಾಸಾಗಲು ಎರಡು ಅಂಕ ಕಡಿಮೆ ಬಿದ್ದಿತ್ತು. ಆ ಎರಡು ಆ ಲೆಕ್ಕದಲ್ಲಿಯೇ ಹೋದವೋ ಬೇರೆಲ್ಲೋ ಹೋದವೋ ಯಾರಿಗೆ ಗೊತ್ತು. ಪ್ರವೀಣಕುಮಾರನಿಗೆ ಮಾತ್ರ ಅನುಮಾನವಿರಲಿಲ್ಲ. ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಶಿವಲಿಂಗವ್ವ ದೇವರ ಮುಂದೆ ದೀಪ ಹಚ್ಚಲು ಹೋದವಳು, ಮಗಳ ಮುಖ ನೋಡಿ ಕಡ್ಡಿ ಗೀರದೆ ಹಾಗೇ ಕೂತಳು. ಅಂದಾನಪ್ಪ ಆ ದಿನ ಮಗ್ಗಕ್ಕೆ ಇಳಿಯಲಿಲ್ಲ.

ಮಾರನೆಯ ಸಂಜೆ ಪ್ರವೀಣಕುಮಾರ ಧೈರ್ಯ ಮಾಡಿ ಒಂದು ಮಾತು ಎತ್ತಿದ. "ಇನ್ನೊಂದ ಪರೀಕ್ಷಾ ಐತಿ. ಸ್ವಲ್ಪ ದಿನದಾಗ ಬರತೈತಿ. ಎರಡ ಮಾರ್ಕಿನ ಮಾತು. ನಾ ಮತ್ತ ಕಲಸ್ತೇನಿ, ಮೊದಲಿಂದ ಕಲಸ್ತೇನಿ. ಅಕ್ಕನ್ನ ನಾ ಒಪ್ಪಸ್ತೇನಿ."

ಇದನ್ನು ಅವನು ಮನಸಾರೆ ಹೇಳಿದ. ರಾತ್ರಿಯೆಲ್ಲ ನಿದ್ದೆಗೆಟ್ಟು ಹುಡುಕಿ ತೆಗೆದ ದಾರಿ ಅದು: ಯಾರ ಮುಂದೆಯೂ ಏನನ್ನೂ ಒಪ್ಪಿಕೊಳ್ಳದೆ ಎಲ್ಲವನ್ನೂ ಸರಿ ಮಾಡಿಬಿಡುವ ದಾರಿ. ಅಂದಾನಪ್ಪ ಆಸೆಯಿಂದ ಮಗಳ ಕಡೆ ನೋಡಿದ. ಶಿವಲಿಂಗವ್ವ ಕೂಡ, ಕರಾರು ಕರಾರೇ ಅನ್ನಲು ಬಾಯಿ ತೆರೆದವಳು, ಮಗಳ ಉತ್ತರಕ್ಕೆ ಕಾದಳು.

"ಬ್ಯಾಡ ಮಾಮಾ," ಅಂದಳು ಶೀಲಾ.

"ಯಾಕ?"

"ಹೇಳಿಕೊಟ್ಟಿದ್ದು ತಲ್ಯಾಗ ನಿಂದ್ರವಲ್ದು. ಎರಡ ಮಾರ್ಕಂತ ಅಲ್ಲ. ನೀ ಹೇಳಿದ್ದು, ನಾ ಕೇಳಿದ್ದು, ಪೂರಾ ಅಳಿಸಿ ಹೋಗೇತಿ ನೋಡು. ಹಂತಾ ತಲಿ ತಗೊಂಡು ಡಿಪ್ಲೊಮಾ ಹೆಂಗ ಮಾಡ್ಲಿ? ಅಲ್ಲಿ ಇದರಪ್ಪನಂಥಾ ಲೆಕ್ಕ ಇರ್ತಾವಂತ." ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಮೊದಲನೇ ಸಲ ಅಪ್ಪಾನ ಬೆನ್ನಿನ ಸಲುವಾಗಿ ಫೇಲಾದೆ ಅಂತ ತಿಳ್ಕೊಂಡಿದ್ದೆ. ಹಂಗಲ್ಲ ಅದು. ನನ್ನ ತಲಿನ ಅಷ್ಟು."

ಅಂದಾನಪ್ಪ ಎದ್ದು ಹೊರಕಟ್ಟೆಗೆ ಹೋದ. ಈಗ ಒಂದೇ ಒಂದು ಮಾತು ಅವಳನ್ನು ಎಬ್ಬಿಸಿ ನಿಲ್ಲಿಸಬಹುದಿತ್ತು. ಅದು ಪ್ರವೀಣಕುಮಾರನ ಹತ್ತಿರ ಇತ್ತು. ಅದನ್ನು ಹೇಳಿದರೆ ಈ ಮನೆಯ ಚಾಪೆ, ಈ ಮನೆಯ ರೊಟ್ಟಿ, ಅಕ್ಕನ ಮುಖ, ಎಲ್ಲವೂ ಮುಗಿದಂತೆ. ಅವನು ಕೂತೇ ಇದ್ದ. ಪಕ್ಕದ ಮನೆಗಳ ಮಗ್ಗಗಳು ಬಡಿಯುತ್ತಲೇ ಇದ್ದವು.

ಅವನ ಮತ್ತು ಶೀಲಾಳ ಲಗ್ನ ನಿಶ್ಚಯದ ದಿನ ಅವನು ಬೇಗ ಬಂದ. ಮನೆಯಲ್ಲಿ ಹೋಳಿಗೆಯ ಕಡಲೆಬೇಳೆ ಬೇಯುವ ವಾಸನೆ. ಅಂಗಳದಲ್ಲಿ ಅಂದಾನಪ್ಪ ನೀರು ತುಂಬುತ್ತಿದ್ದ. ಭಾವ ಮೈದುನ ಪರಸ್ಪರ ನೋಡಿಕೊಂಡರು, ಅಂದಾನಪ್ಪ ಮತ್ತೆ ಕೊಡಕ್ಕೆ ಬಗ್ಗಿದ. ಪಡಸಾಲೆಯಲ್ಲಿ ಶೀಲಾ ಒಬ್ಬಳೇ ಕುಕ್ಕರಗಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ನೀರಿನ ಬಕೆಟ್ಟು, ಒದ್ದೆ ಅರಿವೆ. ನೆಲ ಒರೆಸಲು ಕೂತವಳು ಒರೆಸದೆ ಫರಸಿ ನೋಡುತ್ತಿದ್ದಳು. ಕಲ್ಲಿನ ಮೇಲೆ ಅದೇ ಲೆಕ್ಕ ಇತ್ತು, ಹೊಸದಾಗಿ ಬರೆದದ್ದು. ಎಕ್ಸ್ ಅಪಾನ್ ಎಕ್ಸ್ ಮೈನಸ್ ನಾಲ್ಕು. ಕೊನೆಯಲ್ಲಿ ಒಂದರ ಸುತ್ತ ಗುಂಡು ಇತ್ತು. ನಾಲ್ಕನ್ನು ಅಡ್ಡಗೆರೆ ಎಳೆದು ಹೊಡೆದಿದ್ದಳು.

"ಈಗ ಬರತೈತಿ ನೋಡು ಮಾಮಾ," ಅಂದಳು, ಅವನ ನೆರಳು ಬಿದ್ದದ್ದು ಕಂಡು. "ಎಷ್ಟ ಹಗರ ಐತಿ. ಒಮ್ಮಿ ಕೇಳಿದ್ರ ಮರಿಯೂದಲ್ಲ ಇದು. ಅದಕ್ಕ ನನಗ ತಿಳಿವಲ್ದು." ಹೊಡೆದುಹಾಕಿದ ನಾಲ್ಕನ್ನು ಬೆರಳಿನಿಂದ ಮುಟ್ಟಿದಳು. "ಯಾವತ್ತ ಹೇಳಿದ್ದಿ ಇದನ್ನ? ದಿನಾ ನೆನಸ್ತೇನಿ. ಎಲ್ಲಿ ಕೂತಿದ್ದಿ, ನಾ ಏನ ಬರಿಯಾಕತ್ತಿದ್ದೆ, ಎಲ್ಲಾ ನೆನಪ ಮಾಡ್ಕೊಂಡ ನೋಡ್ತೇನಿ. ಈ ಮಾತೊಂದ ಬರವಲ್ದು."

ಒಳಗೆ ಶಿವಲಿಂಗವ್ವ ಯಾರಿಗೋ ಬೆಲ್ಲ ಕುಟ್ಟಲು ಹೇಳುತ್ತಿದ್ದಳು. ಅವಳ ದನಿಯಲ್ಲಿ ಎಷ್ಟೋ ವರ್ಷದ ಭಾರ ಇಳಿದ ಹಗುರ ಇತ್ತು. ಪ್ರವೀಣಕುಮಾರ ಇಸ್ತ್ರಿ ಮಾಡಿದ ಅಂಗಿಯ ತೋಳಿನ ಗುಂಡಿ ಹಾಕಿಕೊಂಡ, ಬಿಚ್ಚಿದ, ಮತ್ತೆ ಹಾಕಿಕೊಂಡ.

"ಆವತ್ತು," ಅಂದ. "ನಾ ಗುಡೂರಿಗೆ ಹೋಗಿ ಬಂದಿದ್ದೆನಲ್ಲ, ಆ ದಿವಸ."

ಶೀಲಾ ಕಣ್ಣು ಸಣ್ಣ ಮಾಡಿ ಆ ದಿನವನ್ನು ಇನ್ನೊಮ್ಮೆ ಹುಡುಕಿದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಹೌದೇನೋ. ಆವತ್ತ ನಿನ್ನ ಮಾರಿ ನೋಡಿ ನನಗ ಭಾಳ ಕೆಟ್ಟ ಅನಿಸಿತ್ತು ಮಾಮಾ. ಅದ ಧ್ಯಾನದಾಗ ಇದ್ದೆ ಕಾಣತೈತಿ. ನೀ ಹೇಳಿದ್ದು ಕಿವಿಗೆ ಬಿದ್ದಿಲ್ಲ."

"ಶೀಲಾ, ಜಮಖಾನಿ ಹಾಸವಾ, ಮಂದಿ ಬರೂ ಹೊತ್ತಾತು," ಎಂದು ಒಳಗಿನಿಂದ ಶಿವಲಿಂಗವ್ವ ಕೂಗಿದಳು.

ಶೀಲಾ ಅರಿವೆಯನ್ನು ಬಕೆಟ್ಟಿನಲ್ಲಿ ಅದ್ದಿ, ಮೇಲಿನ ಸಾಲಿನಿಂದ ಒರೆಸುತ್ತ ಹಿಂದೆ ಹಿಂದೆ ಸರಿದಳು. ಅವನು ದಾರಿ ಬಿಟ್ಟು ಮಗ್ಗದ ಕುಣಿಯ ಅಂಚಿಗೆ ನಿಂತ. ಕೊನೆಯ ಸಾಲು ಮುಗಿದ ಮೇಲೆ ಅವಳು ಅರಿವೆಯನ್ನು ಎರಡೂ ಕೈಯಿಂದ ಹಿಂಡಿದಳು. ಬಕೆಟ್ಟಿಗೆ ನೀರು ಬೆಳ್ಳಗೆ ಇಳಿಯಿತು.